ಬಿತ್ತನೆ ರಾಗಿಯ ಆಯುಸ್ಸು

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ದಾಟಿ ಆನೇಕಲ್ಲಿನ ಕಡೆಗೆ ಹೋದರೆ ನಾವು ಇಂದಿಗೂ ಕೆಮ್ಮಣ್ಣಿನ ರಾಗಿಹೊಲಗಳನ್ನು ಕಾಣುತ್ತೇವೆ. ಮಳೆಯನ್ನೇ ನಂಬಿದ ಇಲ್ಲಿನ ರೈತನಿಗೆ ಬಿತ್ತನೆಯ ಹದ ತಪ್ಪಿದರೆ ಮತ್ತೆ ಸಿಕ್ಕುವ ಭರವಸೆಯಿಲ್ಲ. ಆ ಹದದಲ್ಲಿ ಬಿತ್ತಿದ ಬೀಜ ಮೊಳೆಯದಿದ್ದರೆ ವರ್ಷದ ಅನ್ನವೇ ಹೋದಂತೆ.

ಜೀವವುಳ್ಳ ಕಾಳನ್ನೂ ಸತ್ತ ಕಾಳನ್ನೂ ಕಣ್ಣಿನಿಂದ ಗುರುತಿಸಲಾರೆವು. ಬೀಜವೂ ಉಸಿರಾಡುತ್ತದೆ; ತೇವ ಮತ್ತು ಶಾಖ ಹೆಚ್ಚಿದಷ್ಟೂ ಅದು ಬೇಗನೆ ಮುಪ್ಪಾಗುತ್ತದೆ. ಹ್ಯಾರಿಂಗ್‌ಟನ್ ಎಂಬ ವಿಜ್ಞಾನಿ ಹೇಳಿದ ಸ್ಥೂಲನಿಯಮದಂತೆ, ಒಂದು ಮಿತಿಯೊಳಗೆ, ತೇವಾಂಶ ಶೇಕಡ 1ರಷ್ಟು ಇಳಿದರೆ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಆದುದರಿಂದಲೇ ಪ್ರಮಾಣಿತ ರಾಗಿಬೀಜದ ತೇವಾಂಶ ಶೇಕಡ 12ನ್ನು ಮೀರಬಾರದು, ಮೊಳಕೆ ಶೇಕಡ 75ಕ್ಕಿಂತ ಕಡಮೆಯಾಗಬಾರದು ಎಂದು ಗೊತ್ತುಪಡಿಸಲಾಗಿದೆ.

ಮೊಳೆತರಷ್ಟೇ ಸಾಲದು. ರಾಗಿಯ ಬೆಂಕಿರೋಗದ ಶಿಲೀಂಧ್ರ ಬೀಜದೊಡನೆಯೇ ಹೊಲವನ್ನು ಸೇರಬಲ್ಲುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಪಿಯು-28 ತಳಿ ಈ ರೋಗವನ್ನು ತಡೆದುಕೊಳ್ಳುವುದಕ್ಕಾಗಿ ಹೆಸರಾಗಿದೆ.

ಮನೆಯ ಬೀಜವನ್ನು ಪರೀಕ್ಷಿಸಲು ಯಂತ್ರವೇನೂ ಬೇಡ. ರಾಶಿಯ ಹಲವು ಕಡೆಗಳಿಂದ 100 ಕಾಳುಗಳನ್ನು ಆರಿಸದೆ ತೆಗೆದು, ಒದ್ದೆಬಟ್ಟೆಯಲ್ಲಿ ಸುತ್ತಿ, ಒಣಗದಂತೆ 8 ದಿನ ಇಟ್ಟು, ಮೊಳೆತವನ್ನು ಎಣಿಸೋಣ. ಎಣಿಕೆ 75ಕ್ಕಿಂತ ಕಡಮೆಯಾದರೆ ಬೀಜವನ್ನು ಬದಲಿಸಬೇಕು. ಮಳೆಗೆ ಮುನ್ನವೇ ಈ ಪರೀಕ್ಷೆ ಮುಗಿದಿದ್ದರೆ ಬೇರೆ ಬೀಜ ತರಲು ರೈತನಿಗೆ ಕಾಲಾವಕಾಶ ಉಳಿದಿರುತ್ತದೆ.