ಹೊಸ್ತಿಲಿನಿಂದ ಹೊಸದಾಗುವ ಕಾರು

ಹಳೆಯ ಎಂಜಿಬಿ ಕಾರು ಕೊಳ್ಳಲು ಹೋಗುವ ಬಲ್ಲವರು ಮೊದಲು ಎಂಜಿನ್ ನೋಡುವುದಿಲ್ಲ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿಗೂ ಬಾಡಿಗೂ ನಡುವೆ ಇರುವ ಸಂದನ್ನು ನೋಡುತ್ತಾರೆ. ಮೇಲಿನಿಂದ ಕೆಳಗಿನವರೆಗೆ ಸಂದು ಒಂದೇ ಅಗಲವಿದ್ದರೆ ಸಮಾಧಾನ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರಿನ ನಡು ಕುಸಿದಿದೆ ಎಂದು ಅರ್ಥ. ಮೇಲೆ ಎಷ್ಟೇ ಚಂದದ ಬಣ್ಣ ಹೊಡೆದಿದ್ದರೂ ಆ ಸಂದು ಸುಳ್ಳು ಹೇಳುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ಇಂಗ್ಲೆಂಡಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಹಿರಿಯರು. ನಿವೃತ್ತ ಮೇಷ್ಟ್ರು. ಒಂದೇ ಕಾರು ಹಿಡಿಸುವ ಇಟ್ಟಿಗೆಯ ಗ್ಯಾರೇಜಿನಲ್ಲಿ ಮೂರು ಚಳಿಗಾಲ ಕೂತು ಒಂದು ಎಂಜಿಬಿಯನ್ನು ಬಿಚ್ಚಿ ಕಟ್ಟಿದರು. ಶನಿವಾರಗಳಲ್ಲಿ ನಾನು ಲೈಟು ಹಿಡಿಯಲು, ಭಾರ ಎತ್ತಲು ಹೋಗುತ್ತಿದ್ದೆ. ಅಲ್ಲಿ ನೋಡಿದ ಕಸುಬಿನ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ಹೆಸರು. ಕಾರುಗಳು ತಯಾರಾಗುತ್ತಿದ್ದದ್ದು ಅಲ್ಲಿಗೆ ಹತ್ತಿರದ ಆ್ಯಬಿಂಗ್ಡನ್ ಎಂಬ ಚಿಕ್ಕ ಪಟ್ಟಣದಲ್ಲಿ. 1962ರಲ್ಲಿ ಬಂದ ಎಂಜಿಬಿ ಎರಡು ಸೀಟಿನ, ತಲೆಯ ಮೇಲೆ ಬಟ್ಟೆಯ ಮಡಿಚುವ ಹೊದಿಕೆ ಇರುವ ಸ್ಪೋರ್ಟ್ಸ್ ಕಾರು. 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಬಂತು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆ ಮುಚ್ಚುವ ಹೊತ್ತಿಗೆ ಎರಡೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದಿದ್ದವು, ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. 1798 ಸಿಸಿ ಎಂಜಿನ್, ಸುಮಾರು 95 ಅಶ್ವಶಕ್ತಿ. ಇಂದಿನ ಲೆಕ್ಕಕ್ಕೆ ದೊಡ್ಡ ವೇಗವೇನಲ್ಲ. ಆದರೆ ನೆಲಕ್ಕೆ ಹತ್ತಿರ ಕೂತು, ಕಿರಿದಾದ ಹಳ್ಳಿ ರಸ್ತೆಯಲ್ಲಿ ಗಂಟೆಗೆ 50 ಮೈಲಿಯಲ್ಲಿ ಹೋಗುವಾಗ ಇದರಷ್ಟು ಖುಷಿ ಕೊಡುವ ಕಾರು ನನಗೆ ಇನ್ನೊಂದು ಗೊತ್ತಿಲ್ಲ.

ಮನೆಯಲ್ಲೇ ಕೂತು ಕಟ್ಟುವವರು ಇದನ್ನೇ ಆರಿಸುವುದಕ್ಕೆ ಕಾರಣವಿದೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡು ಬದಿಗೂ ಕೈ ಹೋಗುತ್ತದೆ. ಸ್ಪ್ಯಾನರ್ ತಿರುಗಿಸಲು ಜಾಗವಿದೆ. ಯಾವ ಭಾಗ ಏನು ಮಾಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬಿಡಿಭಾಗಗಳಂತೂ ಇಂದಿಗೂ ಅಂಚೆಯಲ್ಲಿ ಮನೆಗೆ ಬರುತ್ತವೆ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷವಾದ ಮೇಲೆ ಅದೇ ಕಾರಿನ ಹೊಸ ಮೈ! 1990ರ ದಶಕದ ಎಂಜಿ ಆರ್‌ವಿ8 ಎಂಬ ಕಾರು ಹುಟ್ಟಿದ್ದೂ ಆ ಬಾಡಿಯ ಬಲದಿಂದಲೇ.

ಹೊಸ ಬಾಡಿಗೆ ದುಡ್ಡು ಬಹಳ. ಹಾಗಾಗಿ ಹೆಚ್ಚಿನವರು ಹಳೆಯ ಮೈಯನ್ನೇ ಉಳಿಸಿಕೊಳ್ಳುತ್ತಾರೆ. ಆ ಕೆಲಸದ ಹೃದಯ ಇರುವುದು ಬಾಗಿಲಿನ ಕೆಳಗೆ, ಉದ್ದಕ್ಕೆ ಓಡುವ ಸಿಲ್ ಎಂಬ ಭಾಗದಲ್ಲಿ. ಕನ್ನಡದಲ್ಲಿ ಹೇಳಬೇಕೆಂದರೆ ಕಾರಿನ ಹೊಸ್ತಿಲು.

ಇದಕ್ಕೆ ಮುಂಚಿನ ಎಂಜಿಎ ಕಾರಿಗೆ ಬೇರೆಯದೇ ಚಾಸಿ ಇತ್ತು, ಬಾಡಿ ಅದರ ಮೇಲೆ ಕೂರುತ್ತಿತ್ತು. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ತಗಡನ್ನು ಮಡಿಚಿ ಬೆಸೆದ ಬಾಡಿಯೇ ಭಾರ ಹೊರಬೇಕು. ಛಾವಣಿಯೂ ಇಲ್ಲದ್ದರಿಂದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಬಿಗಿಯಾಗಿ ಹಿಡಿಯುವ ಹೊಣೆ ಹೆಚ್ಚಾಗಿ ಈ ಹೊಸ್ತಿಲುಗಳದ್ದೇ. ಹೊರಗೆ ನಮಗೆ ಕಾಣುವುದು ಒಂದೇ ತಗಡು. ಅದರ ಹಿಂದೆ ನೆಟ್ಟಗೆ ನಿಂತ ಇನ್ನೊಂದು, ಅದಕ್ಕೂ ಒಳಗೆ ಮತ್ತೊಂದು, ಕೆಳಗೆ ಕ್ಯಾಸಲ್ ರೈಲ್ ಎನ್ನುವ ಮಡಿಚಿದ ಪಟ್ಟಿ. ಇವೆಲ್ಲ ಸೇರಿ ಪೆಟ್ಟಿಗೆಯ ಆಕಾರವಾದಾಗ ಮಾತ್ರ ಬಲ. ಮುಂದಿನ ಚಕ್ರ ಎರಚಿದ ಮಣ್ಣು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಈ ಪೆಟ್ಟಿಗೆಯೊಳಗೆ ಸೇರಿ ಒಳಗಿನಿಂದ ತಿನ್ನುತ್ತ ಬರುತ್ತವೆ. ಹೊರಗಿನ ತಗಡಿನಲ್ಲಿ ಗುಳ್ಳೆ ಏಳುವ ಹೊತ್ತಿಗೆ ಒಳಗಿನದು ಪುಡಿಯಾಗಿರುತ್ತದೆ. ಮೇಷ್ಟ್ರ ಕಾರಿನಲ್ಲಿ ಹಿಂದೆ ಯಾರೋ ಪುಟ್ಟಿ ಮೆತ್ತಿ, ಮೇಲೆ ತಗಡು ಹೊದಿಸಿ, ಕಪ್ಪು ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು. ಸ್ಕ್ರೂಡ್ರೈವರ್ ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು.

ಆಮೇಲಿನದು ನಿಧಾನದ ಕೆಲಸ. ಎರಡೂ ಬದಿಯನ್ನು ಒಮ್ಮೆಲೇ ಕತ್ತರಿಸುವಂತಿಲ್ಲ, ಕಾರು ನಡುವೆ ಬಾಗಿಬಿಡುತ್ತದೆ. ಕಾರಿನ ಭಾರ ತನ್ನ ಸಹಜ ಜಾಗಗಳಲ್ಲೇ ಕೂರುವಂತೆ ಸ್ಟ್ಯಾಂಡುಗಳ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ಬಾಗಿಲು ತೂಗುವ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು, ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದು. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಇಳಿಸಿ ದೂರ ಇಡಬೇಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು. ಕಾರ್ಖಾನೆಯ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು ಹಳೆಯ ತಗಡನ್ನು ಬಿಡಿಸಬೇಕು. ಹೊಸ ತಗಡನ್ನು ಕ್ಲಾಂಪಿನಲ್ಲಿ ಹಿಡಿಸಿ, ಬಾಗಿಲು ಸಿಕ್ಕಿಸಿ, ಮುಚ್ಚಿ, ಸಂದು ನೋಡಿ, ತೆಗೆದು, ಸರಿಪಡಿಸಿ, ಮತ್ತೆ ಸಿಕ್ಕಿಸಿ ನೋಡಬೇಕು. ನಾನು ಎಣಿಸಿದಂತೆ ಮೇಷ್ಟ್ರು ಒಂದೇ ಮಧ್ಯಾಹ್ನ ಎಡಬಾಗಿಲನ್ನು ಹನ್ನೊಂದು ಸಲ ಹಾಕಿ ತೆಗೆದರು. ಅಂದು ಒಂದು ಇಂಚೂ ವೆಲ್ಡಿಂಗ್ ಆಗಲಿಲ್ಲ. ಮರುದಿನ ಆಯಿತು.

ವೆಲ್ಡಿಂಗಿನಲ್ಲೂ ಉದ್ದಕ್ಕೆ ಗೆರೆ ಎಳೆದ ಹಾಗೆ ಹೋಗುವುದಿಲ್ಲ. ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರ್ ಅಷ್ಟೇ, ಕಾವು ಹೆಚ್ಚಾದರೆ ಸೊಟ್ಟಗಾಗುತ್ತದೆ. ಇಲ್ಲೊಂದು ಬೊಟ್ಟು, ಅಲ್ಲೊಂದು ಬೊಟ್ಟು ಇಟ್ಟು, ಆರಲು ಬಿಟ್ಟು, ನಡುವೆ ತುಂಬುತ್ತ ಬರಬೇಕು. ಎಲ್ಲ ಮುಗಿದ ಮೇಲೆ ಪೆಟ್ಟಿಗೆಯೊಳಗೆ ಉದ್ದನೆಯ ಕೊಳವೆಯಿಂದ ಮೇಣ ಸಿಂಪಡಿಸುತ್ತಾರೆ, ತೇವ ತಾಗಬಾರದೆಂದು. ಇಷ್ಟೂ ಕೆಲಸ ಕಾರು ತಯಾರಾದ ದಿನದಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಲ್ಲಿ ಟಿಂಕರಿಂಗ್ ಎಂದು ಹಗುರವಾಗಿ ಕರೆಯುವ ಈ ವಿದ್ಯೆ ನನ್ನ ಮಟ್ಟಿಗೆ ಇಡೀ ಕಸುಬಿನಲ್ಲಿ ಅತಿ ದೊಡ್ಡದು. ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಜ್ಜುವುದು, ಪ್ರೈಮರ್ ಹೊಡೆಯುವುದು, ಮತ್ತೆ ಉಜ್ಜುವುದು. ಕೊನೆಯ ಕೋಟನ್ನು ಮೇಷ್ಟ್ರು ಪೇಂಟ್ ಶಾಪಿನಲ್ಲೇ ಹೊಡೆಸಿದರು, ಸರಿಯಾಗಿಯೇ ಮಾಡಿದರು.

ಎಂಜಿನ್ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಅದು ಅಪರಿಚಿತವಲ್ಲ. ಎಂಜಿಬಿಯ ಎಂಜಿನ್ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಬ ಮನೆತನಕ್ಕೆ ಸೇರಿದ್ದು. ನಮ್ಮ ಅಂಬಾಸಡರ್ ದಶಕಗಳ ಕಾಲ ಓಡಿದ್ದು ಅದೇ ಮನೆತನದ 1489 ಸಿಸಿ ಎಂಜಿನ್ನಿನಿಂದ. ಮೊದಲ ಸಲ ಆ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದಾಗ ನಮ್ಮೂರ ಟ್ಯಾಕ್ಸಿ ಸ್ಟ್ಯಾಂಡ್ ಕಣ್ಣ ಮುಂದೆ ಬಂತು. ವಾಲ್ವುಗಳ ಮೇಲಿನ ಅದೇ ಉದ್ದನೆಯ ಮುಚ್ಚಳ, ಮೇಲೆ ಎಣ್ಣೆ ಹೊಯ್ಯುವ ಅದೇ ಬಾಯಿ.

ಈ ಎಂಜಿನ್ನಿಗೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದು ಅಳೆದು ಸರಿಪಡಿಸುವ ಕೆಲಸ, ಮಾಡುವ ಒಂದು ಸೊಗಸಾದ ಲೆಕ್ಕವಿದೆ. ಒಟ್ಟು ಎಂಟು ವಾಲ್ವು. ಯಾವುದನ್ನು ಯಾವಾಗ ಅಳೆಯಬೇಕು ಎಂಬುದಕ್ಕೆ ಒಂಬತ್ತರ ಸೂತ್ರ. ಎಂಟನೆಯ ವಾಲ್ವು ಪೂರ್ತಿ ತೆರೆದು ನಿಂತಾಗ ಒಂದನೆಯದನ್ನು ಅಳೆಯಿರಿ. ಆರನೆಯದು ತೆರೆದಾಗ ಮೂರನೆಯದನ್ನು, ಎರಡು ತೆರೆದಾಗ ಏಳನ್ನು. ಎರಡು ಸಂಖ್ಯೆ ಕೂಡಿದರೆ ಯಾವಾಗಲೂ ಒಂಬತ್ತು. ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಕಾರನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ನಾನು ತಳ್ಳುತ್ತಿದ್ದೆ, ಮೇಷ್ಟ್ರು ಬಗ್ಗಿ ಫೀಲರ್ ಗೇಜ್ ತೂರಿಸುತ್ತಿದ್ದರು. ಎಂಜಿನ್ ತಣ್ಣಗಿರುವಾಗ ಸಂದು 0.015 ಇಂಚು. ತಗಡಿನ ಎಲೆ ಬೆಣ್ಣೆಯಲ್ಲಿ ಎಳೆದ ಹಾಗೆ ಸ್ವಲ್ಪವೇ ತಡೆದು ಬರಬೇಕು. ಆ ತಡೆ ಬೆರಳಿಗೆ ಗೊತ್ತಾಗಬೇಕೇ ಹೊರತು ಬಾಯಲ್ಲಿ ಹೇಳಿ ಕಲಿಸಲು ಬರುವುದಿಲ್ಲ.

ಆಮೇಲೆ ಕಾರ್ಬ್ಯುರೇಟರ್. ಎಂಜಿಬಿಗೆ ಎಸ್‌ಯು ಹೆಸರಿನವು ಎರಡು, ಅಕ್ಕಪಕ್ಕ. ಎರಡೂ ಸಮನಾಗಿ ಉಸಿರೆಳೆಯಬೇಕು. ಅದಕ್ಕೆ ಅಳತೆಯ ಉಪಕರಣಗಳಿವೆ, ಆದರೆ ಮೇಷ್ಟ್ರ ಹತ್ತಿರ ಇದ್ದದ್ದು ಒಂದು ತುಂಡು ರಬ್ಬರ್ ಪೈಪು. ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಯ ಹತ್ತಿರ. ಒಂದರ ಸುಯ್ಯೆನ್ನುವ ಸದ್ದು ಕೇಳಿ, ಇನ್ನೊಂದರದ್ದು ಕೇಳಿ, ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ಎರಡನ್ನೂ ಒಂದೇ ಶ್ರುತಿಗೆ ತರುತ್ತಿದ್ದರು. ಪೆಟ್ರೋಲಿನ ಹದ ನೋಡಲು ಒಂದು ಪುಟ್ಟ ಕಡ್ಡಿ ಇದೆ. ಅದನ್ನು ಒತ್ತಿ ಒಳಗಿನ ಪಿಸ್ಟನ್ನನ್ನು ಚೂರೇ ಎತ್ತಿದಾಗ ಎಂಜಿನ್ ಒಂದು ಕ್ಷಣ ಚುರುಕಾಗಿ ಮತ್ತೆ ಮೊದಲಿನಂತಾದರೆ ಹದ ಸರಿ. ಚುರುಕು ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಎಂಜಿನ್ ಬಿಕ್ಕಿ ನಿಂತರೆ ಕಡಿಮೆ.

ಹಳೆಯದನ್ನು ಇದ್ದ ಹಾಗೆಯೇ ಉಳಿಸಬೇಕೋ, ಸುಧಾರಿಸಬೇಕೋ? ಈ ಚರ್ಚೆಗೆ ಎಲ್ಲ ಗ್ಯಾರೇಜುಗಳಲ್ಲೂ ಚಹಾ ಆರಿಹೋಗುತ್ತದೆ. ಮೇಷ್ಟ್ರ ನಿಯಮ ಒಂದೇ: ಒಂದು ದಿನದಲ್ಲಿ ಬಿಚ್ಚಿ ಮೊದಲಿನಂತೆ ಮಾಡಲು ಬರುವುದನ್ನು ಮಾತ್ರ ಬದಲಾಯಿಸುವುದು. ನನಗೆ ಅದೇ ಸರಿ ಅನ್ನಿಸುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್, ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದರು. ಹಳೆಯ ಪಾಯಿಂಟ್ ಸೆಟ್ಟು ಡಿಕ್ಕಿಯಲ್ಲಿ ಕಾಗದ ಸುತ್ತಿ ಇಟ್ಟಿದ್ದಾರೆ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತಿತ್ತು. ಅದನ್ನು ನೆಗೆಟಿವ್‌ಗೆ ತಿರುಗಿಸಿ, ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ಹಾಕಿದರು. ಹೆಡ್‌ಲೈಟಿಗೆ ರಿಲೇ, ಫ್ಯೂಸು. ಬ್ರೇಕಿನ ರಬ್ಬರ್ ಹೋಸುಗಳೆಲ್ಲ ಹೊಸವು. ಇದರಲ್ಲಿ ಎರಡು ಮಾತಿಲ್ಲ.

ಗೇರ್‌ಬಾಕ್ಸಿನ ವಿಷಯದಲ್ಲಿ ಮಾತ್ರ ಅವರು ಬಹಳ ದಿನ ಯೋಚಿಸಿದರು. ವೇಗದಲ್ಲಿ ಎಂಜಿನ್ನಿನ ಸುತ್ತು ಇಳಿಸುವ ಓವರ್‌ಡ್ರೈವ್ ಇಲ್ಲದ ನಾಲ್ಕು ಗೇರಿನ ಎಂಜಿಬಿ ಹೆದ್ದಾರಿಯಲ್ಲಿ 70 ಮೈಲಿ ವೇಗದಲ್ಲಿ ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುತ್ತದೆ, ಮಾತಾಡಲು ಕೂಗಬೇಕು. ಫೋರ್ಡ್ ಸಿಯೆರಾದ ಐದು ಗೇರಿನ ಬಾಕ್ಸನ್ನು ಇದಕ್ಕೆ ಕೂರಿಸುವ ಕಿಟ್ ಸಿಗುತ್ತದೆ, ಮಾಜ್ದಾ ಎಂಎಕ್ಸ್-5 ಕಾರಿನದಕ್ಕೂ ಸಿಗುತ್ತದೆ. ಕೊನೆಗೆ ಅವರು ಹಾಕಿಸಿದ್ದು ಆ ಕಾಲದ್ದೇ ಆದ ಲೇಕಾಕ್ ಓವರ್‌ಡ್ರೈವ್ ಇರುವ ಬಾಕ್ಸನ್ನು. ಬದಲಾವಣೆಗೆ ಕಾನೂನಿನ ಲೆಕ್ಕವೂ ಇದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯಿಂದಲೂ ವಾರ್ಷಿಕ ಪರೀಕ್ಷೆಯಿಂದಲೂ ವಿನಾಯಿತಿ ಇದೆ. ಆದರೆ ಬಾಡಿ, ಎಂಜಿನ್, ಆ್ಯಕ್ಸಲ್‌ಗಳ ಸ್ವರೂಪವನ್ನೇ ಬದಲಾಯಿಸಿಬಿಟ್ಟರೆ ಪರೀಕ್ಷೆಯ ವಿನಾಯಿತಿ ಕೈತಪ್ಪಬಹುದು. ವಿನಾಯಿತಿ ಇದ್ದರೂ ಮೇಷ್ಟ್ರು ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷೆಗೆ ಒಯ್ಯುತ್ತಾರೆ.

ನಾಲ್ಕನೆಯ ವಸಂತದಲ್ಲಿ ಒಂದು ಬೆಳಿಗ್ಗೆ ಕಾರು ಹೊರಬಂತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ್ಯಬಿಂಗ್ಡನ್ ತನಕ ಹೋಗಿಬಂದರು. ವಾಪಸ್ ಬಂದ ಕೂಡಲೇ ಎಂಜಿನ್ ನೋಡಲಿಲ್ಲ, ಎಣ್ಣೆ ನೋಡಲಿಲ್ಲ. ಬಾಗಿಲು ಮುಚ್ಚಿ, ಹಿಂದಿನ ಸಂದಿಗೆ ಬೆರಳು ಹಚ್ಚಿ ಮೇಲಿನಿಂದ ಕೆಳಗೆ ಎಳೆದು ನೋಡಿದರು. ಸಮವಾಗಿತ್ತು.

ನಿಮ್ಮ ಊರಿನ ಮನೆಯ ಹಿತ್ತಲಲ್ಲೋ ಶೆಡ್ಡಿನಲ್ಲೋ ಅಜ್ಜನ ಕಾಲದ ಅಂಬಾಸಡರ್ ನಿಂತಿದ್ದರೆ ಗುಜರಿಯವರಿಗೆ ಫೋನ್ ಮಾಡುವ ಮುಂಚೆ ಒಂದು ಭಾನುವಾರ ಬಾನೆಟ್ ಎತ್ತಿ ನೋಡಿ. ಹಳೆಯ ಪೆಟ್ರೋಲ್ ಎಂಜಿನ್ ಇನ್ನೂ ಅದರಲ್ಲೇ ಇದ್ದರೆ ಪ್ಲಗ್ಗು ಬಿಚ್ಚಿ, ವಾಲ್ವುಗಳ ಮುಚ್ಚಳ ತೆಗೆದು, ಟಾಪ್ ಗೇರಿಗೆ ಹಾಕಿ, ಮನೆಯವರಿಗೆ ತಳ್ಳಲು ಹೇಳಿ. ಎಂಟನೆಯ ವಾಲ್ವು ತೆರೆದಾಗ ಒಂದನೆಯದನ್ನು ಅಳೆಯಿರಿ. ಒಂಬತ್ತರ ಸೂತ್ರ ಅದಕ್ಕೂ ಸರಿಹೊಂದುತ್ತದೆ.