ಮಹಾಸರೋವರದ ಮೀನುಪಂದ್ಯ

ಜುಲೈ ತಿಂಗಳ ಮುಂಜಾವು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಿಷಿಗನ್ ರಾಜ್ಯದಲ್ಲಿರುವ ಲಡಿಂಗ್ಟನ್ ಎಂಬ ಪುಟ್ಟ ಬಂದರಿನಲ್ಲಿ ಇನ್ನೂ ಕತ್ತಲೆ ಕರಗಿಲ್ಲ. ಆದರೂ ಸಾಲುಸಾಲಾಗಿ ದೋಣಿಗಳು ದೀಪ ಹೊತ್ತಿಸಿಕೊಂಡು ಬಂದರಿನ ಬಾಯಿಯತ್ತ ಸಾಗುತ್ತಿವೆ. ಒಂದೊಂದು ದೋಣಿಯಲ್ಲಿಯೂ ನಾಲ್ಕೈದು ಮಂದಿಯ ತಂಡವಿದೆ. ಅವರ ಬಳಿ ಬಲೆಗಳಿಲ್ಲ. ಇರುವುದೆಲ್ಲ ಗಾಳ ಮತ್ತು ನೂಲು. ನಿಗದಿಯಾದ ಗಂಟೆಯೊಳಗೆ, ನಿಗದಿಯಾದ ಸಂಖ್ಯೆಯ ಸಾಲ್ಮನ್ ಮತ್ತು ಟ್ರೌಟ್ ಮೀನುಗಳನ್ನು ಹಿಡಿದು ತರಬೇಕೆಂಬುದು ಅವರ ಮುಂದಿರುವ ಪಂದ್ಯ. ದಂಡೆಯಲ್ಲಿ ಗಾಳ ಹಾಕಿ ಕುಳಿತವನಿಗೆ ತಾಳ್ಮೆಯೊಂದಿದ್ದರೆ ಸಾಕು. ಈ ಪಂದ್ಯಕ್ಕೆ ಅಷ್ಟು ಸಾಲದು. ಕಣ್ಣಿಗೆ ಕಾಣದ ನೀರನ್ನು ಓದುವ ಬುದ್ಧಿ ಬೇಕು; ಎಲ್ಲಿ ನಿಲ್ಲಬೇಕೆಂಬ ವಿವೇಕವೂ ಬೇಕು.

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಮಿಷಿಗನ್ ಸರೋವರವೂ ಒಂದು. ಅದರ ಉದ್ದ ಸುಮಾರು 494 ಕಿಲೋಮೀಟರು; ಅತಿ ಹೆಚ್ಚಿನ ಅಗಲ ಸುಮಾರು 190 ಕಿಲೋಮೀಟರು; ಅತಿ ಹೆಚ್ಚಿನ ಆಳ 281 ಮೀಟರು. ಒಂದು ದಡದಲ್ಲಿ ನಿಂತವನಿಗೆ ಮತ್ತೊಂದು ದಡ ಕಾಣುವುದಿಲ್ಲ. ನೀರು ಸಿಹಿಯಾದರೂ ಗಾಳಿ ಎದ್ದಾಗ ಅಲೆಗಳ ಅಬ್ಬರ ಕಡಲಿನದೇ. ಇಷ್ಟು ವಿಶಾಲವಾದ ಜಲರಾಶಿಯಲ್ಲಿ ಗಾಳಕ್ಕೆ ಬೀಳುವ ಚಿನೂಕ್ ಮತ್ತು ಕೋಹೋ ಸಾಲ್ಮನ್‌ಗಳು ಅಲ್ಲಿನ ಮೂಲ ನಿವಾಸಿಗಳಲ್ಲವೆಂಬುದು ಅಚ್ಚರಿಯ ಸಂಗತಿ. ಅವು ಪೆಸಿಫಿಕ್ ಸಾಗರದ ಮೀನುಗಳು. ಅವುಗಳನ್ನು ಅಲ್ಲಿಗೆ ತಂದವನು ಮನುಷ್ಯ.

ಈ ಸರೋವರದ ಹಿರಿಯ ಬೇಟೆಗಾರನಾಗಿದ್ದುದು ಲೇಕ್ ಟ್ರೌಟ್ ಎಂಬ ಮೀನು. ನಯಾಗರ ಜಲಪಾತವು ಕಡಲಿನ ಜೀವಿಗಳು ಮೇಲಿನ ಸರೋವರಗಳಿಗೆ ಏರದಂತೆ ಸಾವಿರಾರು ವರ್ಷಗಳಿಂದ ತಡೆಗೋಡೆಯಾಗಿತ್ತು. ಹಡಗುಗಳ ಸಂಚಾರಕ್ಕಾಗಿ ಆ ಜಲಪಾತವನ್ನು ಬಳಸಿಹೋಗುವ ವೆಲ್ಯಾಂಡ್ ಕಾಲುವೆಯನ್ನು ತೋಡಿದಾಗ ತಡೆ ಮುರಿಯಿತು. ಇತರ ಮೀನುಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಲ್ಯಾಂಪ್ರೆ ಎಂಬ ಜೀವಿ ಆ ಹಾದಿಯಿಂದ ಒಳನುಗ್ಗಿತು. 1936ರಲ್ಲಿ ಅದು ಮಿಷಿಗನ್ ಸರೋವರದಲ್ಲಿ ಕಾಣಿಸಿಕೊಂಡಿತು. ಮನುಷ್ಯನ ಅತಿಯಾದ ಮೀನುಗಾರಿಕೆಯೂ ಅದಕ್ಕೆ ಜೊತೆಗೂಡಿತು. ಎರಡು ದಶಕಗಳಲ್ಲಿ ಲೇಕ್ ಟ್ರೌಟ್ ಆ ಸರೋವರದಲ್ಲಿ ಹೇಳಹೆಸರಿಲ್ಲದಂತಾಯಿತು.

ಬೇಟೆಗಾರ ಮೀನು ಅಳಿದ ಮೇಲೆ, ಸಾಗರದಿಂದಲೇ ಬಂದ ಏಲ್‌ವೈಫ್ ಎಂಬ ಸಣ್ಣ ಮೀನು ಎಗ್ಗಿಲ್ಲದೆ ಬೆಳೆಯಿತು. 1967ರ ಬೇಸಿಗೆಯಲ್ಲಿ ಈ ಮೀನುಗಳು ರಾಶಿರಾಶಿಯಾಗಿ ಸತ್ತು, ದಡದ ಉದ್ದಕ್ಕೂ ಕೊಳೆತು ನಾರಿದವು. ಆದರೆ ಈ ಕೇಡಿಗೆ ಮದ್ದು ಹುಡುಕುವ ಕೆಲಸ ಅದಕ್ಕೆ ಮೊದಲೇ ಆರಂಭವಾಗಿತ್ತು. ಲ್ಯಾಂಪ್ರೆಯ ಮರಿಗಳನ್ನು ತೊರೆಗಳಲ್ಲಿಯೇ ಕೊಲ್ಲುವ ರಾಸಾಯನಿಕದ ಬಳಕೆ 1958ರಲ್ಲಿ ಮೊದಲಾಯಿತು. 1964ರಲ್ಲಿ ಮಿಷಿಗನ್ ರಾಜ್ಯದ ಮೀನುಗಾರಿಕಾ ವಿಭಾಗದ ಮುಖ್ಯಸ್ಥರಾದ ಹೋವರ್ಡ್ ಟ್ಯಾನರ್ ಅವರು, ಏಲ್‌ವೈಫನ್ನು ತಿಂದು ಬೆಳೆಯಬಲ್ಲ ಸಾಲ್ಮನ್‌ಗಳನ್ನು ಸರೋವರಕ್ಕೆ ಬಿಡುವ ಯೋಜನೆಯನ್ನು ಮುಂದಿಟ್ಟರು. ಓರೆಗಾನ್ ರಾಜ್ಯದಿಂದ ಕೋಹೋ ಸಾಲ್ಮನ್‌ನ ಮೊಟ್ಟೆಗಳು ಬಂದವು. ಮರಿಗಳನ್ನು 1966ರ ವಸಂತದಲ್ಲಿ ನದಿಗಳಿಗೆ ಬಿಡಲಾಯಿತು. ಮರುವರ್ಷ ಚಿನೂಕ್ ಮರಿಗಳ ಸರದಿ ಬಂದಿತು. ಕೊಳೆತ ಮೀನಿನ ನಾತ ಹರಡಿದ್ದ ದಡಗಳಿಗೆ ಕೆಲವೇ ವರ್ಷಗಳಲ್ಲಿ ಗಾಳಗಾರರು ತಂಡೋಪತಂಡವಾಗಿ ಬರತೊಡಗಿದರು. ಇಂದಿನ ಪಂದ್ಯಗಳು ಬೆಳೆದು ಬಂದುದು ಈ ನೆಲೆಯ ಮೇಲೆ.

ಪಂದ್ಯದಲ್ಲಿ ಬಳಸುವ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ಕಡಲಲ್ಲಿ ಬಲೆ ಎಳೆಯುವ ಟ್ರಾಲಿಂಗ್ ಇದಲ್ಲ. ದೋಣಿಯನ್ನು ಮನುಷ್ಯ ನಡೆಯುವಷ್ಟೇ ವೇಗದಲ್ಲಿ, ಎಂದರೆ ಗಂಟೆಗೆ ಮೂರರಿಂದ ಐದು ಕಿಲೋಮೀಟರಿನಂತೆ ನಡೆಸುತ್ತ, ಅದರ ಹಿಂದೆ ಹತ್ತು ಹನ್ನೆರಡು ಗಾಳಗಳನ್ನು ಬೇರೆ ಬೇರೆ ಆಳಗಳಲ್ಲಿ ಎಳೆಯುವುದೇ ಟ್ರೋಲಿಂಗ್. ಗಾಳಕ್ಕೆ ಕಟ್ಟುವುದು ಚಮಚದ ತಲೆಯನ್ನು ಹೋಲುವ ಹೊಳೆಯುವ ಲೋಹದ ತಗಡನ್ನು. ನೀರಿನಲ್ಲಿ ಎಳೆದಾಗ ಅದು ಗಾಯಗೊಂಡ ಏಲ್‌ವೈಫಿನಂತೆ ಹೊರಳುತ್ತದೆ.

ಗಾಳವನ್ನು ಬೇಕಾದ ಆಳಕ್ಕೆ ಇಳಿಸಲು ಡೌನ್‌ರಿಗ್ಗರ್ ಎಂಬ ಸಾಧನವಿದೆ. ದೋಣಿಯ ಅಂಚಿನಲ್ಲಿರುವ ರಾಟೆಯಿಂದ ಐದು ಕಿಲೋಗ್ರಾಮಿನಷ್ಟು ತೂಗುವ ಗುಂಡೊಂದನ್ನು ತಂತಿಯ ಮೂಲಕ ನೀರಿಗೆ ಬಿಡುತ್ತಾರೆ. ಗಾಳದ ನೂಲನ್ನು ಆ ತಂತಿಗೆ ಒಂದು ಚಿಮುಟದಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ನೂಲು ಚಿಮುಟದಿಂದ ಕಳಚಿಕೊಳ್ಳುತ್ತದೆ. ಬಾಗಿದ್ದ ಕೋಲು ಚಿಮ್ಮಿ ನೆಟ್ಟಗಾಗಿ ಸುದ್ದಿ ಮುಟ್ಟಿಸುತ್ತದೆ. ಕೆಲವು ನೂಲುಗಳನ್ನು ತೇಲುಹಲಗೆಗಳಿಗೆ ಕಟ್ಟಿ ದೋಣಿಯ ಎರಡೂ ಪಕ್ಕಗಳಿಗೆ ದೂರ ಸರಿಸುವುದೂ ಉಂಟು. ಹೀಗೆ ಒಂದೇ ದೋಣಿ ಅಗಲವಾದ ನೀರಿನ ಪಟ್ಟಿಯನ್ನು ಬಾಚಣಿಗೆಯಂತೆ ಬಾಚುತ್ತ ಹೋಗುತ್ತದೆ.

ಹಾಗಾದರೆ ಗಾಳವನ್ನು ಇಳಿಸಬೇಕಾದ ಆಳವೆಷ್ಟು? ಪಂದ್ಯದ ಮುಖ್ಯ ಪ್ರಶ್ನೆ ಇದೇ. ಬೇಸಿಗೆಯಲ್ಲಿ ಸರೋವರದ ಮೇಲ್ಪದರ ಬಿಸಿಯಾಗಿಯೂ ತಳ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗೂ ಇರುತ್ತದೆ. ಇವೆರಡರ ನಡುವೆ ಉಷ್ಣತೆಯು ಥಟ್ಟನೆ ಇಳಿಯುವ ಪದರವೊಂದಿದೆ. ಚಿನೂಕ್ ಸಾಲ್ಮನ್ ಬಯಸುವುದು 10ರಿಂದ 13 ಡಿಗ್ರಿಯ ನೀರನ್ನು. ಆದುದರಿಂದ ಅದು ಆ ನಡುಪದರದ ಆಸುಪಾಸಿನಲ್ಲಿ ಸುಳಿದಾಡುತ್ತದೆ. ಆದರೆ ಆ ಪದರ ಒಂದೆಡೆ ನಿಲ್ಲುವುದಿಲ್ಲ. ಪೂರ್ವ ತೀರದಲ್ಲಿ ಉತ್ತರದ ಅಥವಾ ಪೂರ್ವದ ಗಾಳಿ ಎಡೆಬಿಡದೆ ಬೀಸಿದರೆ, ಮೇಲಿನ ಬಿಸಿನೀರು ದಡದಿಂದ ಆಚೆಗೆ ಸರಿದು, ತಳದ ತಣ್ಣೀರು ಮೇಲೇಳುತ್ತದೆ. ನಿನ್ನೆ 30 ಮೀಟರು ಆಳದಲ್ಲಿ ಸಿಕ್ಕ ಮೀನು ಇಂದು ಅದಕ್ಕಿಂತ ಬಹಳ ಮೇಲೆ ಇರಬಹುದು. ನಿನ್ನೆಯ ಗೆಲುವನ್ನೇ ನಂಬಿ ಹೊರಟ ತಂಡ ಇಂದು ಬರಿಗೈಯಲ್ಲಿ ಮರಳುವುದು ಹೀಗೆಯೇ.

ಬೆಳಕೂ ಲೆಕ್ಕಕ್ಕೆ ಬರುತ್ತದೆ. ನಸುಕಿನ ಮಬ್ಬಿನಲ್ಲಿ ಮೇಲೆ ಬಂದು ಮೇಯುವ ಸಾಲ್ಮನ್ ಬಿಸಿಲೇರಿದಂತೆ ಆಳಕ್ಕಿಳಿಯುತ್ತದೆ. ನೀರಿನೊಳಗಿನ ಪ್ರವಾಹ ಇನ್ನೂ ಮೋಸದ್ದು. ಮೇಲೆ ದೋಣಿಯ ವೇಗ ಸರಿಯಾಗಿದ್ದರೂ ಕೆಳಗಿನ ಪ್ರವಾಹದಿಂದಾಗಿ ಗಾಳ ತೀರ ನಿಧಾನವಾಗಿಯೋ ವೇಗವಾಗಿಯೋ ಚಲಿಸುತ್ತಿರಬಹುದು. ಅನುಭವಿ ಚುಕ್ಕಾಣಿಗಾರನು ಇದನ್ನರಿಯಲು ದೋಣಿಯನ್ನು ಮೆಲ್ಲನೆ ತಿರುಗಿಸುತ್ತಾನೆ. ತಿರುವಿನ ಹೊರಬದಿಯ ಗಾಳಗಳು ವೇಗ ಪಡೆದು ಮೇಲೇಳುತ್ತವೆ. ಒಳಬದಿಯವು ನಿಧಾನಗೊಂಡು ಕೆಳಗಿಳಿಯುತ್ತವೆ. ಮೀನು ಯಾವ ಬದಿಯಲ್ಲಿ ಕಚ್ಚಿತೆಂಬುದರಿಂದಲೇ ಅದರ ಇಷ್ಟವನ್ನು ಊಹಿಸಬಹುದು. ಧ್ವನಿತರಂಗಗಳಿಂದ ಮೀನಿನ ಇರವನ್ನು ತೋರಿಸುವ ಯಂತ್ರಗಳೂ, ಗುಂಡಿನ ಬಳಿಯ ಉಷ್ಣತೆ ಹಾಗೂ ವೇಗವನ್ನು ತಿಳಿಸುವ ಉಪಕರಣಗಳೂ ಈಗ ಬಂದಿವೆ. ಆದರೆ ಅವು ತೋರಿಸಿದ್ದನ್ನು ಅರ್ಥಮಾಡಿಕೊಳ್ಳುವ ಹೊಣೆ ಮನುಷ್ಯನದೇ.

ಮೀನು ಕಚ್ಚಿದ ಮೇಲೆ ತಂಡದ ಒಗ್ಗಟ್ಟಿನ ಪರೀಕ್ಷೆ. ದೊಡ್ಡ ಚಿನೂಕ್ ಒಂದೇ ಉಸಿರಿಗೆ ನೂರು ಮೀಟರು ನೂಲನ್ನು ಸೆಳೆದುಕೊಂಡು ಓಡಬಲ್ಲುದು. 2021ರಲ್ಲಿ ಲಡಿಂಗ್ಟನ್‌ನಿಂದ ಹೊರಟ ದೋಣಿಯೊಂದರಲ್ಲಿ ಹಿಡಿದ ಚಿನೂಕ್ ಸುಮಾರು 21.7 ಕಿಲೋಗ್ರಾಂ ತೂಗಿ ರಾಜ್ಯದ ದಾಖಲೆಯಾಯಿತು. ಅಂತಹ ಮೀನನ್ನು ಆತುರದಿಂದ ಎಳೆದರೆ ನೂಲು ಹರಿಯುತ್ತದೆ; ಸಡಿಲ ಬಿಟ್ಟರೆ ಗಾಳ ಕಳಚುತ್ತದೆ. ಒಬ್ಬನು ಕೋಲು ಹಿಡಿದಿದ್ದರೆ, ಮತ್ತೊಬ್ಬನು ಅಡ್ಡ ಬರುವ ನೂಲುಗಳನ್ನು ಸರಿಸಬೇಕು. ಇನ್ನೊಬ್ಬನು ಕೈಬಲೆ ಹಿಡಿದು ಸಿದ್ಧನಾಗಬೇಕು. ಚುಕ್ಕಾಣಿಗಾರನು ದೋಣಿಯ ದಿಕ್ಕು ಕೆಡದಂತೆ ನೋಡಿಕೊಳ್ಳಬೇಕು.

ಗೆಲುವಿನ ಲೆಕ್ಕವನ್ನು ಹಲವು ಪಂದ್ಯಗಳಲ್ಲಿ ಹೀಗೆ ಹಾಕುತ್ತಾರೆ: ಪ್ರತಿಯೊಂದು ಮೀನಿಗೆ 10 ಅಂಕ, ತೂಕದ ಪ್ರತಿಯೊಂದು ಪೌಂಡಿಗೆ 1 ಅಂಕ. ಒಂದು ತಂಡ 100 ಪೌಂಡು ತೂಗುವ 12 ಮೀನುಗಳನ್ನು ತಂದರೆ ಅದಕ್ಕೆ 220 ಅಂಕ. ಮತ್ತೊಂದು ತಂಡ 108 ಪೌಂಡು ತೂಗುವ 11 ಮೀನುಗಳನ್ನು ತಂದರೂ ಅದಕ್ಕೆ ದೊರೆಯುವುದು 218 ಅಂಕ ಮಾತ್ರ. ಕೈತಪ್ಪಿದ ಒಂದು ಸಣ್ಣ ಟ್ರೌಟ್ ಕೂಡ ಸೋಲಿಗೆ ಕಾರಣವಾಗಬಹುದು. ತೂಕವೇ ಬಹುಮಾನವನ್ನು ನಿರ್ಧರಿಸುವಲ್ಲಿ ಮೋಸದ ಆಸೆಯೂ ಇಲ್ಲದಿಲ್ಲ. 2022ರಲ್ಲಿ ನೆರೆಯ ಈರಿ ಸರೋವರದಲ್ಲಿ ನಡೆದ ಬೇರೊಂದು ಜಾತಿಯ ಮೀನಿನ ಪಂದ್ಯದಲ್ಲಿ, ಗೆದ್ದ ಮೀನುಗಳ ಹೊಟ್ಟೆಯನ್ನು ಸೀಳಿದಾಗ ಸೀಸದ ಗುಂಡುಗಳು ಸಿಕ್ಕವು. ಅಪರಾಧಿಗಳಿಗೆ ಮರುವರ್ಷ ಸೆರೆವಾಸವಾಯಿತು.

ಪಂದ್ಯದ ಮತ್ತೊಂದು ಕಟ್ಟುಪಾಡು ಸಮಯದ್ದು. ಹೇಳಿದ ಗಂಟೆಗೆ ಮರಳದ ದೋಣಿ ಅಂಕಗಳನ್ನು ಕಳೆದುಕೊಳ್ಳುತ್ತದೆ. ಅಲೆಗಳು ಅಪಾಯದ ಮಟ್ಟಕ್ಕೆ ಏರುವ ಸೂಚನೆಯಿದ್ದರೆ ಆ ದಿನದ ಪಂದ್ಯವನ್ನೇ ನಿಲ್ಲಿಸುತ್ತಾರೆ. ಈ ಎಚ್ಚರದ ಬೆಲೆಯನ್ನು 1967ರ ಸೆಪ್ಟೆಂಬರ್ 23ರ ದುರಂತದಿಂದ ಅರಿಯಬಹುದು. ಸಾಲ್ಮನ್ ಬಂದ ಮೊದಲ ಶರತ್ಕಾಲವದು. ಮೀನಿನ ಸುದ್ದಿ ಕೇಳಿ ಬಂದ ಜನ, ಹೊಳೆಗೆ ತಕ್ಕ ಪುಟ್ಟ ದೋಣಿಗಳಲ್ಲಿಯೇ ಪ್ಲಾಟ್ ನದೀಮುಖದ ಬಳಿ ಸರೋವರಕ್ಕೆ ಇಳಿದಿದ್ದರು. ಬಿರುಗಾಳಿ ಎದ್ದಿತು. ಏಳು ಮಂದಿ ಪ್ರಾಣ ಕಳೆದುಕೊಂಡರು. ಇನ್ನೊಂದು ಮೀನು ಹಿಡಿದು ಹೊರಡೋಣವೆಂಬ ಆಸೆಯು ನೀರಿನ ಮೇಲೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಆ ದಿನವೇ ಸಾಕ್ಷಿ.

ಮಿತಿಯ ಈ ಪಾಠ ಮನುಷ್ಯನಿಗೆ ಮಾತ್ರವಲ್ಲ, ಸರೋವರಕ್ಕೂ ಅನ್ವಯಿಸುತ್ತದೆ. ಹೊರದೇಶದ ಹಡಗುಗಳ ನೀರಿನೊಂದಿಗೆ ಬಂದ ಕ್ವಾಗ ಎಂಬ ಚಿಪ್ಪುಜೀವಿ ನೀರಿನಲ್ಲಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು, ಏಲ್‌ವೈಫಿನ ಆಹಾರವನ್ನು ಕಸಿದುಕೊಂಡಿತು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003–04ರ ಹೊತ್ತಿಗೆ ಏಲ್‌ವೈಫ್ ಕುಸಿಯಿತು. ಅದನ್ನೇ ನಂಬಿದ್ದ ಚಿನೂಕ್ ಕೂಡ ಅದರ ಹಿಂದೆಯೇ ಕುಸಿಯಿತು. ಅದೇ ಗತಿ ಮಿಷಿಗನ್ ಸರೋವರಕ್ಕೆ ಬಾರದಿರಲೆಂದು 2013ರಲ್ಲಿ ಅಲ್ಲಿಗೆ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕೆ ಇಳಿಸಲಾಯಿತು. ಹೆಚ್ಚು ಮೀನು ಬೇಕೆಂದರೆ ಕಡಿಮೆ ಮರಿ ಬಿಡಬೇಕೆಂಬ ಮಾತು ಮೊದಲು ವಿಚಿತ್ರವಾಗಿ ತೋರುತ್ತದೆ. ಆದರೆ ಮೇವು ಇಲ್ಲದ ಕಡೆ ಮಂದೆಯನ್ನು ಹೆಚ್ಚಿಸುವುದು ವಿವೇಕವಲ್ಲ.

ಮಧ್ಯಾಹ್ನವಾಗುತ್ತಲೇ ದೋಣಿಗಳು ಬಂದರಿಗೆ ಮರಳುತ್ತವೆ. ತಕ್ಕಡಿಯ ಸುತ್ತ ಜನ ನೆರೆಯುತ್ತಾರೆ. ಗೆದ್ದ ತಂಡಕ್ಕೆ ಚಪ್ಪಾಳೆ ಬೀಳುತ್ತದೆ. ಸೋತವರು ನೂಲು ಸುತ್ತಿಡುತ್ತ ನಾಳೆಯ ಗಾಳಿ ಯಾವ ಕಡೆಯಿಂದ ಬೀಸೀತೆಂದು ಆಕಾಶವನ್ನು ನೋಡುತ್ತಾರೆ. ತಕ್ಕಡಿಯಲ್ಲಿ ತೂಗುವುದು ಮೀನನ್ನಷ್ಟೇ. ಹೊರಟವರೆಲ್ಲರೂ ಕ್ಷೇಮವಾಗಿ ಮರಳಿದರೆ, ಮುಂದಿನ ವರ್ಷಕ್ಕೂ ಸರೋವರದಲ್ಲಿ ಮೀನು ಉಳಿದಿದ್ದರೆ, ಆ ದಿನದ ನಿಜವಾದ ಗೆಲುವು ಅದೇ.