ಬಸವನಹುಳು ಸಾಕೋಣ, ತೋಡಿಗೆ ಬಿಡದಿರೋಣ

ಮಕ್ಕಳ ಹಠಕ್ಕೆ ಮಣಿದು ನಮ್ಮ ಮನೆಯ ಚಾವಡಿಗೆ ಎರಡು ಅಡಿಯ ಗಾಜಿನ ತೊಟ್ಟಿ ಬಂತು. ಮೊದಲು ನಾಲ್ಕು ಗಪ್ಪಿ ಮೀನು. ಮತ್ತೊಂದು ದಿನ ಹಳದಿ ಚಿಪ್ಪಿನ ಎರಡು ಬಸವನಹುಳು. ಅಂಗಡಿಯಲ್ಲಿ ಅದಕ್ಕೆ ‘ಮಿಸ್ಟರಿ ಸ್ನೇಲ್’ ಎನ್ನುತ್ತಾರೆ. ನೋಡಿದ ಉಮ್ಮ ಬಾಯಿಗೆ ಕೈ ಇಟ್ಟು, “ಗದ್ದೆಯಲ್ಲಿ ಬಿಟ್ಟಿ ಸಿಗುವ ನರ್ತೆಗೆ ನೀವು ದುಡ್ಡು ಕೊಟ್ಟದ್ದಾ?” ಎಂದು ಕೇಳಿದರು.

ಆದರೆ ಒಂದು ವಾರದಲ್ಲಿ ಉಮ್ಮನೂ ತೊಟ್ಟಿಯ ಮುಂದೆ ಕೂರತೊಡಗಿದರು. ಗಾಜಿಗೆ ಅಂಟಿದ ಪಾಚಿಯನ್ನು ಅದು ಕೆರೆದು ತಿನ್ನುವುದು, ನೀರಿನ ಮೇಲಕ್ಕೆ ಸಣ್ಣ ಕೊಳವೆ ಚಾಚಿ ಗಾಳಿ ಎಳೆಯುವುದು ನೋಡಲಿಕ್ಕೇ ಒಂದು ಚಂದ. ಈ ಜಾತಿಗೆ ಕಿವಿರೂ ಉಂಟು, ಗಾಳಿ ಉಸಿರಾಡುವ ಶ್ವಾಸಕೋಶವೂ ಉಂಟು.

ಎರಡು ತಿಂಗಳು ಕಳೆದಾಗ ಚಿಪ್ಪಿನ ತುದಿ ಬಿಳಿಚಿಕೊಂಡು ಗುಳಿ ಬಿತ್ತು. ಒಂದು ಸತ್ತೇ ಹೋಯಿತು. ಮೀನುಗಳಿಗೆ ಏನೂ ಆಗಿರಲಿಲ್ಲ. ವಿಚಾರಿಸಿದಾಗ ಗೊತ್ತಾಯಿತು, ತಪ್ಪು ನಮ್ಮ ಬಾವಿ ನೀರಿನದ್ದು! ಕರಾವಳಿಯ ಮುರಕಲ್ಲಿನ ನೆಲದ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಹುಳಿ ಗುಣ ಹೆಚ್ಚು. ಕುಡಿಯಲು, ಅಕ್ಕಿ ಬೇಯಿಸಲು ಅದು ಒಳ್ಳೆಯದೇ. ಆದರೆ ಬಸವನಹುಳುವಿನ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್‌ನದ್ದು. ಇಂಥ ನೀರಿನಲ್ಲಿ ಅದು ನಿಧಾನವಾಗಿ ಕರಗುತ್ತದೆ.

ಮದ್ದು ಅಡುಗೆಮನೆಯಲ್ಲೇ ಇತ್ತು. ತೊಳೆದು ಒಣಗಿಸಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ, ಚೆನ್ನಾಗಿ ಕುದಿಸಿ ಉಪ್ಪು ಬಿಡಿಸಿದ ಮರುವಾಯಿ ಚಿಪ್ಪು ಒಂದು ಹಿಡಿ ತೊಟ್ಟಿಯ ತಳಕ್ಕೆ ಹಾಕಿದೆವು. ನೀರು ಹುಳಿಯಾದಂತೆ ಇವು ತಾವಾಗಿಯೇ ಸ್ವಲ್ಪ ಸ್ವಲ್ಪ ಕರಗುತ್ತವೆ. ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ಮಾತ್ರ ಹಾಕಲೇಬಾರದು. ಅದು ಒಮ್ಮೆಲೇ ನೀರನ್ನು ಖಾರವಾಗಿಸಿ ಎಲ್ಲವನ್ನೂ ಕೊಂದುಬಿಡುತ್ತದೆ. ನಳ್ಳಿ ನೀರಾದರೆ ಒಂದು ದಿನ ತೆರೆದಿಟ್ಟು, ಕ್ಲೋರಿನ್ ಹೋದ ಮೇಲೆ ಬಳಸಿ. ಮೀನಿನ ಕಾಯಿಲೆಗೆ ಕೊಡುವ ಕೆಲವು ಮದ್ದಿನಲ್ಲಿ ತಾಮ್ರ ಇರುತ್ತದೆ. ಬಸವನಹುಳುವಿಗೆ ಅದು ವಿಷ.

ಪಾಚಿಯೊಂದೇ ಅದರ ಹೊಟ್ಟೆಗೆ ಸಾಲದು. ಸ್ವಲ್ಪ ಬೇಯಿಸಿದ ಬಸಳೆ, ಹರಿವೆ, ಸೌತೆಕಾಯಿ ತುಂಡು ಕೊಡಿ. ಉಳಿದದ್ದನ್ನು ಮರುದಿನ ತೆಗೆಯಿರಿ, ಇಲ್ಲದಿದ್ದರೆ ನೀರು ನಾರುತ್ತದೆ. ಮೀನಿಲ್ಲದೆ ಬಸವನಹುಳು ಮಾತ್ರ ಸಾಕುವವರು ಸೊಳ್ಳೆಯ ಬಗ್ಗೆ ಎಚ್ಚರ ವಹಿಸಬೇಕು. ಅದು ಸೊಳ್ಳೆ ಮರಿಯನ್ನು ತಿಂದು ಮುಗಿಸುವುದಿಲ್ಲ. ಎರಡು ಗಪ್ಪಿ ಬಿಟ್ಟರೆ ಆ ಕೆಲಸ ಅವು ಮಾಡುತ್ತವೆ.

ಇನ್ನು ಮರಿ ಮಾಡಿಸುವ ಸಂಗತಿ. ಮಿಸ್ಟರಿ ಸ್ನೇಲ್‌ನಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಹೆಣ್ಣು ರಾತ್ರಿ ನೀರಿನಿಂದ ಮೇಲೆ ಹತ್ತಿ ಗಾಜಿಗೆ ಮೊಟ್ಟೆಯ ಗೊಂಚಲು ಅಂಟಿಸುತ್ತದೆ. ಅದಕ್ಕಾಗಿ ನೀರಿನ ಮೇಲೆ ಮೂರು ಇಂಚು ಜಾಗ ಬಿಟ್ಟು, ಮುಚ್ಚಳ ಹಾಕಿಡಬೇಕು. ಗೊಂಚಲು ನೀರಿನಲ್ಲಿ ಮುಳುಗಿದರೂ ಹಾಳು, ಪೂರ್ತಿ ಒಣಗಿದರೂ ಹಾಳು. ಎರಡರಿಂದ ನಾಲ್ಕು ವಾರದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ಒಂದೊಂದಾಗಿ ನೀರಿಗೆ ಬೀಳುತ್ತವೆ. ಗಿಡದೊಂದಿಗೆ ತಾನಾಗಿಯೇ ಬರುವ ರಾಮ್ಸ್‌ಹಾರ್ನ್‌ನಂಥ ಸಣ್ಣ ಜಾತಿಗಳ ಕತೆ ಬೇರೆ. ಅವುಗಳಲ್ಲಿ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಮರಿಯೇ ಬೇಡ ಎನ್ನುವವರಿಗೆ ನೆರೈಟ್ ಒಳ್ಳೆಯದು. ಅದು ಮೊಟ್ಟೆ ಇಟ್ಟರೂ ಮರಿ ಬದುಕಲು ಅಳಿವೆಯ ಸವಳು ನೀರು ಬೇಕು.

ಸತ್ತದ್ದರ ಬದಲಿಗೆ ಇನ್ನೊಂದು ತಂದ ಮೇಲೆ ನಮ್ಮಲ್ಲೂ ಗೊಂಚಲು ಒಡೆಯಿತು. ಮಕ್ಕಳು ಎಣಿಸಿ ಎಣಿಸಿ ಎಂಬತ್ತಕ್ಕೆ ಸೋತರು. ಇಷ್ಟನ್ನು ಏನು ಮಾಡುವುದು? “ಮಳೆಗಾಲ ಅಲ್ವಾ, ತೋಡಿಗೆ ಬಿಟ್ಟುಬಿಡಿ, ಪುಣ್ಯ ಸಿಗ್ತದೆ” ಎಂದರು ನೆರೆಮನೆಯವರು. ಅಲ್ಲಿಯೇ ನಾವು ನಿಂತು ಯೋಚಿಸಬೇಕಾದ್ದು.

ಇದು ನಮ್ಮ ಗದ್ದೆಯ ನರ್ತೆ ಅಲ್ಲ, ದಕ್ಷಿಣ ಅಮೆರಿಕದ್ದು. ಇದರದೇ ಕುಲದ ಇನ್ನೊಂದು ಜಾತಿ ‘ಗೋಲ್ಡನ್ ಆ್ಯಪಲ್ ಸ್ನೇಲ್’ ಅನ್ನು 1980ರ ಸುಮಾರಿಗೆ ಆಹಾರಕ್ಕೆಂದು ತೈವಾನ್‌ಗೆ ತಂದರು. ಅದು ಫಿಲಿಪ್ಪೀನ್ಸ್, ವಿಯೆಟ್ನಾಂವರೆಗೆ ಹರಡಿ ನೇಜಿಯನ್ನೇ ಮೇಯ್ದುಹಾಕಿತು. ಸಣ್ಣದಿರುವಾಗ ಎರಡನ್ನೂ ಗುರುತಿಸುವುದು ಕಷ್ಟ. ನಮ್ಮ ದೇಶದಲ್ಲೂ ಪಾಠ ಉಂಟು: 1847ರಲ್ಲಿ ಕಲ್ಕತ್ತಾಕ್ಕೆ ತಂದು ಬಿಟ್ಟ ಆಫ್ರಿಕದ ದೈತ್ಯ ಬಸವನಹುಳು ನೆಲದ ಮೇಲೆ ಬದುಕುವಂಥದ್ದು, ಇಂದು ಕೊಡಗಿನ ಕಾಫಿ ತೋಟದವರ ನಿದ್ದೆ ಕೆಡಿಸಿದೆ. ತೋಡಿನ ನೀರು ಹೋಗುವುದು ಯಾರದೋ ಗದ್ದೆಗೆ. ಇನ್ನೊಬ್ಬರ ಬೆಳೆಗೆ ಕುತ್ತು ತಂದು ಪುಣ್ಯ ಗಳಿಸಲಾಗದು.

ನಾವು ಇಪ್ಪತ್ತು ಮರಿಗಳನ್ನು ತೊಟ್ಟಿ ಇರುವ ನೆಂಟರಿಗೆ ಕೊಟ್ಟೆವು, ಉಳಿದವನ್ನು ಮೀನಿನ ಅಂಗಡಿಯವರು ತೆಗೆದುಕೊಂಡರು. ಈಗ ಬೇಡದ ಗೊಂಚಲು ಕಂಡರೆ ಅದೇ ದಿನ ತೆಗೆದು, ಪೊಟ್ಟಣ ಕಟ್ಟಿ ಎರಡು ದಿನ ಫ್ರೀಜರ್‌ನಲ್ಲಿಟ್ಟು ಬಿಸಾಡುತ್ತೇವೆ. ಸಣ್ಣ ಜಾತಿಗಳು ಹೆಚ್ಚಾದರೆ ರಾತ್ರಿ ಒಂದು ಬಸಳೆ ಎಲೆ ಇಟ್ಟು, ಬೆಳಿಗ್ಗೆ ಅಂಟಿದವುಗಳ ಸಮೇತ ಎತ್ತುತ್ತೇವೆ. ತೊಟ್ಟಿಗೆ ಕೈ ಹಾಕಿದ ಮಕ್ಕಳು ಸಾಬೂನಿನಲ್ಲಿ ಕೈ ತೊಳೆಯಲೇಬೇಕು.

ಹಕ್ಕಿಮರಿ ಸಾಕಿದ್ದ ಪುಟ್ಟ ಅಬೂ ಉಮೈರ್‌ನನ್ನು ಪ್ರವಾದಿಯವರು (ಸ) ಅಕ್ಕರೆಯಿಂದ ವಿಚಾರಿಸುತ್ತಿದ್ದ ಪ್ರಸಂಗ ನಮ್ಮ ಮಕ್ಕಳು ಮದ್ರಸದಲ್ಲಿ ಕೇಳಿದ್ದೇ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಹೆಂಗಸಿನ ಗತಿಯೂ ಅವರಿಗೆ ಗೊತ್ತು. ಸಾಕುವ ಸಂತೋಷವೂ ಅದರ ಹೊಣೆಯೂ ಒಟ್ಟಿಗೇ ಬರುತ್ತವೆ. ಗಾಜಿನೊಳಗಿನ ಜೀವ ನಮ್ಮ ಅಮಾನತ್ತು, ಹೊರಗಿನ ತೋಡೂ ಗದ್ದೆಯೂ ಅಮಾನತ್ತೇ. ಮೊನ್ನೆ ಮನೆಗೆ ಬಂದ ನೆಂಟರ ಮಗು ಒಂದು ಮರಿ ಬೇಕೆಂದಾಗ ಉಮ್ಮನೇ ಮೊದಲು ಕೇಳಿದರು: “ನಿಮ್ಮಲ್ಲಿ ತೊಟ್ಟಿ ಉಂಟಾ ಮಗ?”